ಹುಲ್ಲುಹಾಸಿನ ಬೀಜಕ್ಕೆ ಜೂನ್ ಮಳೆ ಒಗ್ಗುವುದಿಲ್ಲ

ಮಾನ್ಯ ಸಂಪಾದಕರೇ,

ಮೇ ಕೊನೆಯ ಹೊತ್ತಿಗೆ ಬರುವ ತುಳುವರ ಪತ್ತನಾಜೆ ಕಳೆದು ನಾಲ್ಕು ಹನಿ ಬಿದ್ದ ಕೂಡಲೇ ಮನೆಯಂಗಳದಲ್ಲಿ ಹುಲ್ಲುಹಾಸು ಬೆಳೆಸುವ ಆಸೆ ನಮ್ಮ ಮಂಗಳೂರಿನ ಬಹಳ ಮಂದಿಗೆ ಹುಟ್ಟುತ್ತದೆ. ಮಳೆಗಾಲದಲ್ಲಿ ಬೀಜ ಬಿತ್ತಿದರೆ ನೀರು ಹಾಯಿಸುವ ಕೆಲಸ ತಪ್ಪುತ್ತದೆ ಎಂಬ ಲೆಕ್ಕ ಮೇಲ್ನೋಟಕ್ಕೆ ಸರಿಯೆಂದೇ ಕಾಣುತ್ತದೆ. ಹಾಗೆಯೇ ಎಣಿಸಿ ಎರಡು ವರ್ಷ ಕಳೆದುಕೊಂಡವನಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಪೊಟ್ಟಣದ ಮೇಲೆ ‘ಬರ್ಮುಡಾ’ ಎಂದು ಅಚ್ಚಾಗಿರುವ ಹುಲ್ಲು ನಾವು ಚೌತಿಯಂದು ಗಣಪತಿಗೆ ಏರಿಸುವ ಗರಿಕೆಯೇ. ಅದರ ಬೀಜ ರಾಗಿ ಕಾಳಿಗಿಂತಲೂ ಎಷ್ಟೋ ಸಣ್ಣದು. ಕಾಲು ಅಂಗುಲಕ್ಕಿಂತ ಆಳಕ್ಕೆ ಹೂತರೆ ಮೇಲೆ ಬರುವಷ್ಟು ಕಸುವು ಅದಕ್ಕಿಲ್ಲ. ಹೀಗೆ ಮಣ್ಣಿನ ಮೇಲ್ಮೈಯಲ್ಲೇ ಕುಳಿತು, ಎರಡು ಮೂರು ವಾರ ಕದಲದೆ ಇರಬೇಕಾದ ಬೀಜವನ್ನು, ಜುಲೈ ಒಂದರಲ್ಲೇ ಸುಮಾರು 1,000 ಮಿ.ಮೀ. ಮಳೆ ಸುರಿಯುವ ಊರಿನಲ್ಲಿ ಜೂನ್ ತಿಂಗಳಲ್ಲಿ ಚೆಲ್ಲಿದರೆ ಏನಾದೀತು? ನಮ್ಮ ಅಂಗಳದಲ್ಲಿ ಒಂದು ಎಸಳೂ ಏಳಲಿಲ್ಲ. ಗೇಟಿನ ಹೊರಗೆ, ಚರಂಡಿಯ ಮಗ್ಗುಲಲ್ಲಿ ಮಾತ್ರ ಒಂದು ಗೇಣು ಅಗಲಕ್ಕೆ ಸಾಲಾಗಿ ಹಚ್ಚನೆಯ ಗರಿಕೆ ಎದ್ದಿತ್ತು. ನೆರೆಮನೆಯ ದನಕ್ಕೆ ಅದು ಚೆನ್ನಾಗಿಯೇ ಒದಗಿತು.

ಮರುವರ್ಷದ ತಪ್ಪು ಇನ್ನೊಂದು ಬಗೆಯದು. ಆನ್‌ಲೈನಿನಲ್ಲಿ ಚಿತ್ರ ನೋಡಿ ತರಿಸಿದ ಬೀಜ ಒಂದೇ ವಾರದಲ್ಲಿ ಮೊಳೆತು ರೇಷ್ಮೆಯಂತೆ ಹೊಳೆಯಿತು, ಮಾರ್ಚ್ ಬರುವಷ್ಟರಲ್ಲಿ ಒಣಗಿ ಬೈಹುಲ್ಲಾಯಿತು. ಅದು ರೈಗ್ರಾಸ್, ಅಂದರೆ ಚಳಿನಾಡಿನ ಹುಲ್ಲು, ಎಂದು ಪೊಟ್ಟಣದ ಹಿಂಬದಿಯಲ್ಲಿ ಇರುವೆಯ ಕಾಲಿನಂಥ ಅಕ್ಷರಗಳಲ್ಲಿ ಇದ್ದದ್ದನ್ನು ನಾನು ಓದಿದ್ದು ಆಮೇಲೆ.

ಹಾಗೆಂದು ಮಳೆಗಾಲ ವ್ಯರ್ಥವಲ್ಲ. ಅದು ನೆಲ ಹದ ಮಾಡುವ ಕಾಲ. ನಮ್ಮ ಗುಡ್ಡದ ಮನೆಗಳ ಅಂಗಳದಲ್ಲಿ ಅರ್ಧ ಅಡಿ ಅಗೆದರೆ ಮುರಕಲ್ಲು ತಾಗುವುದರಿಂದ ಹೆಚ್ಚಿನವರು ಟಿಪ್ಪರಿನಲ್ಲಿ ಕೆಂಪುಮಣ್ಣು ತರಿಸಿ ಹರಡುತ್ತಾರೆ, ಆ ಮಣ್ಣಿನೊಂದಿಗೆ ನಾಚಿಕೆಮುಳ್ಳೂ ಜೇಕಿನ ಗಡ್ಡೆಯೂ ಬರುತ್ತವೆ. ಮಣ್ಣನ್ನು ಮೇ ತಿಂಗಳಲ್ಲೇ ಹರಡಿ ಬಿಟ್ಟರೆ ಮಳೆಗೆ ಅದು ಕುಸಿದು ಕೂರುತ್ತದೆ, ನೀರು ನಿಲ್ಲುವ ತಗ್ಗು ಯಾವುದೆಂದು ತಾನೇ ತೋರಿಸಿಕೊಡುತ್ತದೆ, ಕಳೆಯೆಲ್ಲ ಮೊಳೆತು ಹೊರಬರುತ್ತದೆ. ಆಟಿ ತಿಂಗಳ (ಜುಲೈ-ಆಗಸ್ಟ್) ಬಿಡುವಿನಲ್ಲಿ, ಮಣ್ಣು ಮೆತ್ತಗಿರುವಾಗಲೇ, ಅದನ್ನು ಬೇರುಸಹಿತ ಕಿತ್ತು, ಹದಿನೈದು ದಿನ ಬಿಟ್ಟು ಇನ್ನೊಮ್ಮೆ ಕೀಳಬೇಕು. ಜೇಕು ಮಾತ್ರ ಎಷ್ಟು ಕಿತ್ತರೂ ಗಡ್ಡೆ ಉಳಿಸಿಕೊಂಡೇ ಇರುತ್ತದೆ. ನಮ್ಮ ಮಣ್ಣು ಹುಳಿಯಾದ್ದರಿಂದ ಬಿತ್ತುವ ತಿಂಗಳ ಮೊದಲು ಸ್ವಲ್ಪ ಚಿಪ್ಪಿನ ಸುಣ್ಣವನ್ನೂ, ಬಿತ್ತುವಾಗ ಚೆನ್ನಾಗಿ ಕಳಿತ ಹಟ್ಟಿಗೊಬ್ಬರವನ್ನೂ ಬೆರೆಸುವುದು ಒಳ್ಳೆಯದು.

ಬಿತ್ತನೆ ನವರಾತ್ರಿಯ ಹೊತ್ತಿಗೆ ಆಗಲಿ. ಒಂದು ಚದರ ಮೀಟರಿಗೆ 5-6 ಗ್ರಾಂ ಸಾಕು. ಎರಡು ಸೆಂಟ್ಸ್ (ಸುಮಾರು 80 ಚದರ ಮೀಟರ್) ಅಂಗಳಕ್ಕೆ ಅರ್ಧ ಕಿಲೋ ಧಾರಾಳ. ಬೀಜವನ್ನು ನಾಲ್ಕು ಪಾಲು ಒಣಮರಳಿನಲ್ಲಿ ಬೆರೆಸಿ, ಅರ್ಧವನ್ನು ಉದ್ದಕ್ಕೂ ಉಳಿದರ್ಧವನ್ನು ಅಡ್ಡಕ್ಕೂ ಎರಚಿ, ಕುಂಟೆಯಿಂದ ಮೆಲ್ಲಗೆ ಎಳೆದು, ಹಲಗೆಯಿಟ್ಟು ತುಳಿಯಬೇಕು. ಸಂಜೆಯ ಗುಡುಗುಮಳೆಗೆ ಬೀಜ ಕೊಚ್ಚಿಹೋಗದಂತೆ ಹೆಣೆದ ತೆಂಗಿನ ಮಡಲನ್ನು ಹೊದೆಸಿ, ಮೊಳಕೆ ಕಂಡ ದಿನವೇ ತೆಗೆಯಬೇಕು, ಎರಡು ದಿನ ತಡವಾದರೂ ಎಳೆಗರಿಕೆ ಬಿಳುಚಿಕೊಳ್ಳುತ್ತದೆ. ಇರುವೆ ಸಾಲುಗಟ್ಟಿ ಬೀಜ ಹೊತ್ತೊಯ್ಯುವುದನ್ನೂ ಕಂಡಿದ್ದೇನೆ. ಮಾವು, ಹಲಸಿನ ನೆರಳಿನಲ್ಲಿ ಗರಿಕೆ ಬಾರದು. ಅಲ್ಲಿ ಅಗಲ ಎಲೆಯ ಕಾರ್ಪೆಟ್ ಹುಲ್ಲಿನ ತುಂಡುಗಳನ್ನು ನೆಡುವುದೇ ಲೇಸು.

ಆದರೆ ಬಿತ್ತುವ ಮೊದಲು ಬೇಸಿಗೆಯ ನೀರಿನ ಲೆಕ್ಕ ಹಾಕಿಕೊಳ್ಳಬೇಕು. ಎರಡು ಸೆಂಟ್ಸ್ ಅಂಗಳವನ್ನೇ ತೆಗೆದುಕೊಳ್ಳಿ. ದಿನಕ್ಕೆ 5 ಮಿ.ಮೀ. ನೀರುಣಿಸಿದರೂ 400 ಲೀಟರ್ ಬೇಕು. 2019ರ ಬೇಸಿಗೆಯಲ್ಲಿ ತುಂಬೆ ಅಣೆಕಟ್ಟೆಯಲ್ಲಿ ನೀರು ಇಳಿದು ನಗರದಲ್ಲಿ ಸರದಿಯಂತೆ ನೀರು ಬಿಟ್ಟದ್ದನ್ನು ನಾವ್ಯಾರೂ ಮರೆತಿಲ್ಲ. ಬೇರೂರಿದ ಗರಿಕೆ ಏಪ್ರಿಲಿನಲ್ಲಿ ಕಂದುಬಣ್ಣಕ್ಕೆ ತಿರುಗಿದರೂ ಸಾಯುವುದಿಲ್ಲ, ಮೊದಲ ಮಳೆಗೆ ಮತ್ತೆ ಚಿಗುರುತ್ತದೆ. ಆದ್ದರಿಂದ ಸ್ವಂತ ಬಾವಿಯಿಲ್ಲದವರು ಅರ್ಧ ಸೆಂಟ್ಸಿಗೆ ತೃಪ್ತಿಪಟ್ಟು, ಆ ಎರಡು ತಿಂಗಳು ಅಂಗಳ ಕಂದಾಗಿರುವುದನ್ನು ಸಹಿಸಿಕೊಳ್ಳಲಿ. ಅಂಗಳವನ್ನೆಲ್ಲ ಇಂಟರ್‌ಲಾಕ್ ಹಾಸಿ ಮಳೆನೀರನ್ನು ರಸ್ತೆಗೆ ಬಿಡುವುದಕ್ಕಿಂತ ಅದು ಎಷ್ಟೋ ಮೇಲು.

ಬೀಜ ಮಾರುವ ಅಂಗಡಿಯವರಲ್ಲಿ ನನ್ನದೊಂದು ಕೋರಿಕೆ ಇದೆ. ಹುಲ್ಲಿನ ಹೆಸರು, ಪೊಟ್ಟಣ ಕಟ್ಟಿದ ತಿಂಗಳು ಮತ್ತು ನಮ್ಮ ಕರಾವಳಿಯಲ್ಲಿ ಬಿತ್ತಬೇಕಾದ ಕಾಲ, ಈ ಮೂರನ್ನು ಕನ್ನಡದಲ್ಲಿ, ಕನ್ನಡಕವಿಲ್ಲದೆ ಓದುವಷ್ಟು ದೊಡ್ಡದಾಗಿ ಬರೆದು ಅಂಟಿಸಲಿ.

ಓರ್ವ ನಿವೃತ್ತ ಶಿಕ್ಷಕ,
ಬೊಂದೇಲ್, ಮಂಗಳೂರು