ಫಾರ್ಮ್ಯಾಟ್‌ಗೂ ಗುಜರಿಗೂ ಮೊದಲು ಒಂದು ಸಾಲು ಟೈಪ್ ಮಾಡಿ

ಮಾನ್ಯ ಸಂಪಾದಕರೇ,

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಲ್ಲಿಂದೀಚೆಗೆ ಕಾಲೇಜು ಲ್ಯಾಬು, ಸಹಕಾರ ಸಂಘ, ಡಿಟಿಪಿ ಅಂಗಡಿ, ಎಲ್ಲಿ ಹೋದರೂ ಎರಡೇ ಸಲಹೆ: ‘ಫಾರ್ಮ್ಯಾಟ್ ಹೊಡೆದು ವಿಂಡೋಸ್ 11 ಹಾಕಿಸಿ’, ಇಲ್ಲವೇ ‘ಇದು ಹಳೇದಾಯ್ತು, ಹೊಸದು ತಗೊಳ್ಳಿ’. ಆ ಕಂಪ್ಯೂಟರಿಗೆ ನಿಜವಾಗಿ ಏನು ಅಡ್ಡಿ ಎಂದು ಯಾರೂ ನೋಡಿರುವುದಿಲ್ಲ. ನೋಡುವ ಸೌಲಭ್ಯ ವಿಂಡೋಸ್ 11ರ ಸೆಟಪ್‌ನಲ್ಲೇ ಇದೆ. ಡಬಲ್ ಕ್ಲಿಕ್ ಮಾಡಿ ‘ನೆಕ್ಸ್ಟ್’ ಒತ್ತುವವರಿಗೆ ಅದು ಕಾಣುವುದಿಲ್ಲ, ಕಮಾಂಡ್ ಪ್ರಾಂಪ್ಟ್‌ನಲ್ಲಿ ಬರೆದವರಿಗೆ ಮಾತ್ರ ಸಿಗುತ್ತದೆ.

ಮೈಕ್ರೋಸಾಫ್ಟ್ ಜಾಲತಾಣದಿಂದ ವಿಂಡೋಸ್ 11ರ ಐಎಸ್‌ಒ ಕಡತ (ಇಡೀ ಸೆಟಪ್ ಒಂದರಲ್ಲೇ ಅಡಕವಾದ ದೊಡ್ಡ ಕಡತ) ಇಳಿಸಿಕೊಂಡು, ವಿಂಡೋಸ್ 10ರಲ್ಲೇ ಅದರ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಅದೊಂದು ಹೊಸ ಡ್ರೈವ್ ಆಗಿ ತೆರೆದುಕೊಳ್ಳುತ್ತದೆ. ಅದು ‘ಇ’ ಡ್ರೈವ್ ಎಂದಿಟ್ಟುಕೊಳ್ಳಿ. ಕಮಾಂಡ್ ಪ್ರಾಂಪ್ಟನ್ನು ‘ರನ್ ಆಸ್ ಅಡ್ಮಿನಿಸ್ಟ್ರೇಟರ್’ ಮೂಲಕ ತೆರೆದು ಹೀಗೆ ಬರೆಯಬೇಕು (ಪತ್ರಿಕೆಗಾಗಿ ಕನ್ನಡ ಲಿಪಿಯಲ್ಲಿದೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು):

ಸ್ಟಾರ್ಟ್ /ವೇಟ್ ಇ:\ಸೆಟಪ್.ಇಎಕ್ಸ್‌ಇ /ಆಟೋ ಅಪ್‌ಗ್ರೇಡ್ /ಕ್ವಯೆಟ್ /ಇಯುಎಲ್‌ಎ ಆಕ್ಸೆಪ್ಟ್ /ಡೈನಾಮಿಕ್‌ಅಪ್‌ಡೇಟ್ ಡಿಸೇಬಲ್ /ಕಂಪ್ಯಾಟ್ ಸ್ಕ್ಯಾನ್‌ಓನ್ಲಿ

ಕೊನೆಯ ಆಯ್ಕೆಯೇ ಇಲ್ಲಿ ಮುಖ್ಯ. ಅದಿದ್ದರೆ ಸೆಟಪ್ ತಪಾಸಣೆ ಮಾತ್ರ ಮಾಡಿ ಹೊರಬರುತ್ತದೆ, ಏನನ್ನೂ ಇನ್‌ಸ್ಟಾಲ್ ಮಾಡುವುದಿಲ್ಲ. ಅದನ್ನು ಮರೆತರೆ ಮೇಲಿನ ಸಾಲು ನೇರವಾಗಿ ಅಪ್‌ಗ್ರೇಡನ್ನೇ ಶುರು ಮಾಡುತ್ತದೆ, ಅದೂ ಸದ್ದಿಲ್ಲದೆ. ‘ಇಯುಎಲ್‌ಎ ಆಕ್ಸೆಪ್ಟ್’ (ಪರವಾನಗಿ ಕರಾರಿಗೆ ಒಪ್ಪಿಗೆ) ವಿಂಡೋಸ್ 10ರ ಕಾಲದಲ್ಲಿ ಇರಲಿಲ್ಲ. ಹಾಗಾಗಿ ಹಳೆಯ ಬ್ಯಾಚ್ ಫೈಲನ್ನೇ (ಕಮಾಂಡ್‌ಗಳನ್ನು ಬರೆದಿಟ್ಟ ಕಡತ) ತಂದು ಓಡಿಸಿದರೆ ವಿಂಡೋಸ್ 11ರಲ್ಲಿ ಕೆಲಸ ಮುಂದೆ ಹೋಗದು. ‘ಕ್ವಯೆಟ್’ ಇರುವುದರಿಂದ ತೆರೆಯ ಮೇಲೆ ಏನೂ ಕಾಣುವುದಿಲ್ಲ. ಹ್ಯಾಂಗ್ ಆಯಿತೆಂದು ವಿಂಡೋ ಮುಚ್ಚಿ ಮತ್ತೆ ಓಡಿಸುವುದು ಬೇಡ, ಪ್ರಾಂಪ್ಟ್ ಮರಳಿ ಬರುವವರೆಗೆ ಕಾಯಬೇಕು. ಬಂದ ಮೇಲೆ ‘ಎಕೋ %ಎರರ್‌ಲೆವೆಲ್%’ ಎಂದು ಕೇಳಿದರೆ ಒಂದು ಉದ್ದನೆಯ ಋಣ ಸಂಖ್ಯೆ ಸಿಗುತ್ತದೆ.

ಅನೇಕರು ಎಡವುವುದು ಇಲ್ಲೇ. -1047526896 ಎಂದು ಬಂದರೆ ನೋಡುವವರ ಎದೆ ಧಸಕ್ಕೆನ್ನುತ್ತದೆ, ಆದರೆ ಅದೇ ಶುಭಸುದ್ದಿ: ಯಾವ ಅಡ್ಡಿಯೂ ಇಲ್ಲ, ಅಪ್‌ಗ್ರೇಡ್ ಮಾಡಬಹುದು. ಕೊನೆಯ ಮೂರು ಅಂಕಿ 898 ಆಗಿದ್ದರೆ ಡಿಸ್ಕ್‌ನಲ್ಲಿ ಜಾಗ ಸಾಲದು. ಸಿ ಡ್ರೈವ್‌ನಲ್ಲಿ 30 ಜಿಬಿ ಖಾಲಿ ಇಟ್ಟುಕೊಂಡರೆ ನಿಶ್ಚಿಂತೆ. 904 ಎಂದರೆ ಯಾವುದೋ ತಂತ್ರಾಂಶವೋ ಡ್ರೈವರೋ ತಡೆಯುತ್ತಿದೆ. ಅದು ಯಾವುದೆಂದು ತಿಳಿಯಲು ಸಿ ಡ್ರೈವ್‌ನಲ್ಲಿ ಅಡಗಿರುವ ‘$ವಿಂಡೋಸ್.~ಬಿಟಿ’ ಫೋಲ್ಡರಿನ ಒಳಗೆ ‘ಸೋರ್ಸಸ್’, ಅದರೊಳಗೆ ‘ಪ್ಯಾಂಥರ್’ ತೆರೆದು, ‘ಕಂಪ್ಯಾಟ್‌ಡೇಟಾ’ ಎಂದು ಶುರುವಾಗುವ ಎಕ್ಸ್‌ಎಂಎಲ್ ಕಡತದಲ್ಲಿ ‘ಹಾರ್ಡ್’ ಪದ ಹುಡುಕಬೇಕು. ‘ಇಗ್ನೋರ್‌ವಾರ್ನಿಂಗ್’ ಆಯ್ಕೆ ಸೇರಿಸಿದರೆ ಎಲ್ಲ ತಡೆಯೂ ಸರಿಯುತ್ತದೆ ಎಂಬುದು ತಪ್ಪು ಕಲ್ಪನೆ. ಸಣ್ಣ ಎಚ್ಚರಿಕೆಗಳನ್ನಷ್ಟೇ ಅದು ದಾಟಿಸುತ್ತದೆ.

908 ಎಂದರೆ ಕಡತ, ತಂತ್ರಾಂಶ ಉಳಿಸಿಕೊಳ್ಳುವ ಅಪ್‌ಗ್ರೇಡ್ ಈ ಐಎಸ್‌ಒದಿಂದ ಆಗದು. ಇದು ಕಂಪ್ಯೂಟರಿನದಲ್ಲ, ಹೆಚ್ಚಾಗಿ ಐಎಸ್‌ಒದ ದೋಷ. ಸಂಸ್ಥೆಗಳಿಗೆ ಕೊಡುವ ವಾಲ್ಯೂಮ್ ಐಎಸ್‌ಒದಲ್ಲಿ ಹೋಮ್ ಆವೃತ್ತಿ ಇರುವುದಿಲ್ಲ, ನಮ್ಮಲ್ಲಿ ಮಾರಾಟವಾದ ಲ್ಯಾಪ್‌ಟಾಪ್‌ಗಳಲ್ಲಿ ಬಹಳಷ್ಟು ‘ಹೋಮ್ ಸಿಂಗಲ್ ಲ್ಯಾಂಗ್ವೇಜ್’. ಹಾಗೆಯೇ ಅಮೆರಿಕನ್ ಇಂಗ್ಲಿಷಿನ ವಿಂಡೋಸ್ ಮೇಲೆ ‘ಇಂಗ್ಲಿಷ್ ಇಂಟರ್‌ನ್ಯಾಷನಲ್’ ಐಎಸ್‌ಒ ಓಡಿಸಿದರೂ ಆ್ಯಪ್‌ಗಳನ್ನು ಉಳಿಸಿಕೊಳ್ಳುವ ದಾರಿ ಮುಚ್ಚುತ್ತದೆ. ಮೊದಲೇ ‘ಡಿಸ್ಮ್ /ಆನ್‌ಲೈನ್ /ಗೆಟ್-ಇಂಟ್ಲ್’ ಓಡಿಸಿ ಮೂಲ ಭಾಷೆ ಯಾವುದೆಂದು ನೋಡಿ, ಅದಕ್ಕೆ ಹೊಂದುವ ಐಎಸ್‌ಒ ಇಳಿಸಿಕೊಂಡರೆ ಆಯಿತು. ಈಗಿರುವುದು 32 ಬಿಟ್ ವಿಂಡೋಸ್ ಆಗಿದ್ದರೆ ಮಾತ್ರ ಅಪ್‌ಗ್ರೇಡ್ ದಾರಿಯೇ ಇಲ್ಲ, ಏಕೆಂದರೆ ವಿಂಡೋಸ್ 11 ಇರುವುದೇ 64 ಬಿಟ್‌ನಲ್ಲಿ.

ಇನ್ನು 912. ಯಂತ್ರ ಅರ್ಹತೆ ಪಡೆದಿಲ್ಲ ಎಂದು ಇದರರ್ಥ, ಗುಜರಿಗೆ ಹಾಕಿ ಎಂದಲ್ಲ. ಇಂಟೆಲ್‌ನ 8ನೇ ತಲೆಮಾರು ಅಥವಾ ನಂತರದ ಪ್ರೊಸೆಸರ್ ಇದ್ದೂ ಇದು ಬಂದರೆ ಬಯೋಸ್ (ವಿಂಡೋಸ್‌ಗೂ ಮೊದಲು ಏಳುವ, ಯಂತ್ರದ ಮೂಲ ಸೆಟ್ಟಿಂಗ್) ಕಡೆ ನೋಡಿ. ಟಿಪಿಎಂ 2.0 (ವಿಂಡೋಸ್ 11 ಕೇಳುವ ಭದ್ರತಾ ಸೌಲಭ್ಯ) ಅಲ್ಲೇ ಇದ್ದು ಆಫ್ ಆಗಿರುವುದು ಸಾಮಾನ್ಯ: ಇಂಟೆಲ್ ಬೋರ್ಡ್‌ಗಳಲ್ಲಿ ‘ಪಿಟಿಟಿ’, ಎಎಂಡಿಯಲ್ಲಿ ‘ಎಫ್‌ಟಿಪಿಎಂ’ ಹೆಸರಿನಲ್ಲಿರುತ್ತದೆ. ಎರಡನೆಯ ಸಾಮಾನ್ಯ ಕಾರಣ ಲೆಗಸಿ ಬೂಟ್ (ಯಂತ್ರ ಶುರುವಾಗುವ ಹಳೆಯ ವಿಧಾನ), ಎಂಬಿಆರ್ ಡಿಸ್ಕ್ (ಡಿಸ್ಕನ್ನು ಭಾಗ ಮಾಡುವ ಹಳೆಯ ವಿಧಾನ). ಇದಕ್ಕೂ ಫಾರ್ಮ್ಯಾಟ್ ಬೇಡ. ‘ಎಂಬಿಆರ್2ಜಿಪಿಟಿ /ವ್ಯಾಲಿಡೇಟ್ /ಡಿಸ್ಕ್:0 /ಅಲೋಫುಲ್‌ಒಎಸ್’ ಎಂದು ಪರೀಕ್ಷಿಸಿ, ಪಾಸಾದರೆ ‘ವ್ಯಾಲಿಡೇಟ್’ ಜಾಗದಲ್ಲಿ ‘ಕನ್ವರ್ಟ್’ ಬರೆದರೆ ಡೇಟಾ ಇದ್ದಂತೆಯೇ ಡಿಸ್ಕ್ ಹೊಸ ವಿಧಾನವಾದ ಜಿಪಿಟಿಗೆ ತಿರುಗುತ್ತದೆ. ಬಯೋಸನ್ನು ಲೆಗಸಿಯಿಂದ ಯುಇಎಫ್‌ಐ ಎಂಬ ಹೊಸ ಬೂಟ್ ವಿಧಾನಕ್ಕೆ ಬದಲಿಸುವುದು ಆಮೇಲೆ. ಈ ಕ್ರಮ ತಿರುವುಮುರುವಾದರೆ ‘ಬೂಟ್ ಡಿವೈಸ್ ಇಲ್ಲ’ ಎಂಬ ಕಪ್ಪು ತೆರೆ ಖಚಿತ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ಬಯೋಸ್ ಮುಟ್ಟುವ ಮೊದಲು ಅದನ್ನು ಸಸ್ಪೆಂಡ್ ಮಾಡಿ, ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು.

ಈ ಪರಿವರ್ತನೆಗೆ ಒಂದು ಷರತ್ತಿದೆ: ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್ (ಡಿಸ್ಕಿನ ಮುಖ್ಯ ಭಾಗ) ಇರಬಾರದು, ಎಕ್ಸ್‌ಟೆಂಡೆಡ್ ಪಾರ್ಟಿಷನ್ (ಒಳಗೆ ಇನ್ನಷ್ಟು ಡ್ರೈವ್‌ಗಳನ್ನು ಇಟ್ಟುಕೊಳ್ಳುವ ಭಾಗ) ಇರಲೇಬಾರದು. ಅಂಗಡಿಯವರು ಕಂಪ್ಯೂಟರ್ ಕೊಡುವಾಗ ಸಿ, ಡಿ, ಇ, ಎಫ್ ಎಂದು ಉದಾರವಾಗಿ ಹಂಚಿಕೊಟ್ಟ ಡಿಸ್ಕ್‌ಗಳು ಇದರಲ್ಲೇ ನಪಾಸಾಗುತ್ತವೆ. ಹಿಂದಿನ ಡ್ರೈವ್‌ಗಳ ಕಡತಗಳನ್ನು ಎಕ್ಸ್‌ಟರ್ನಲ್ ಡಿಸ್ಕಿಗೆ ತೆಗೆದು, ಆ ಪಾರ್ಟಿಷನ್‌ಗಳನ್ನು ಅಳಿಸಿ, ಮತ್ತೆ ವ್ಯಾಲಿಡೇಟ್ ಮಾಡಬೇಕು. ಬೇಸರದ ಕೆಲಸ ನಿಜ, ಆದರೆ ಸಿ ಡ್ರೈವ್ ಉಳಿಯುತ್ತದೆ.

ಸಿ ಡ್ರೈವ್ ಉಳಿಸಿಕೊಳ್ಳಲು ಇಷ್ಟು ಹೇಳುವುದಕ್ಕೆ ಕಾರಣವಿದೆ. ‘ಆಟೋ’ ಆಯ್ಕೆಯಲ್ಲಿ ಮೂರು ಬಗೆಗಳುಂಟು: ‘ಅಪ್‌ಗ್ರೇಡ್’ ಎಂದರೆ ಕಡತ, ತಂತ್ರಾಂಶ ಎರಡೂ ಇರುತ್ತವೆ, ‘ಡೇಟಾಓನ್ಲಿ’ ಎಂದರೆ ಕಡತ ಮಾತ್ರ, ‘ಕ್ಲೀನ್’ ಎಂದರೆ ಎಲ್ಲ ಹೊಸದು. ಕ್ಲೀನ್ ಮಾಡಿದ ಮರುದಿನ ಕಚೇರಿಯ ಗುಮಾಸ್ತರು ಹಳೆಯ ನುಡಿ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ ಪತ್ರ ತೆರೆದರೆ ಕನ್ನಡದ ಜಾಗದಲ್ಲಿ ತಲೆಯ ಮೇಲೆ ಚುಕ್ಕೆ-ಗೆರೆ ಇರುವ ರೋಮನ್ ಅಕ್ಷರಗಳ ರಾಶಿ. ಪತ್ರ ಹಾಳಾಗಿಲ್ಲ, ಫಾಂಟ್ ಹೋಗಿದೆ ಅಷ್ಟೆ. ಕ್ಲೀನ್ ಅನಿವಾರ್ಯವಾದರೆ ಫಾಂಟ್ಸ್ ಫೋಲ್ಡರಿನಿಂದ ಆ ಫಾಂಟ್‌ಗಳನ್ನೂ ಮೊದಲೇ ಪೆನ್‌ಡ್ರೈವ್‌ಗೆ ತೆಗೆದಿಡಿ.

ಪಾಸಾದ ಯಂತ್ರಗಳಿಗೆ ಅದೇ ಸಾಲಿನಿಂದ ‘/ಕಂಪ್ಯಾಟ್ ಸ್ಕ್ಯಾನ್‌ಓನ್ಲಿ’ ತೆಗೆದು ‘/ನೋರೀಬೂಟ್ /ಕಾಪಿಲಾಗ್ಸ್ ಡಿ:\ಲಾಗ್’ ಸೇರಿಸಿದರೆ ಅಪ್‌ಗ್ರೇಡ್ ಶುರು. ‘ನೋರೀಬೂಟ್’ ತಡೆಯುವುದು ಮೊದಲ ರೀಸ್ಟಾರ್ಟನ್ನು ಮಾತ್ರ. ಹಾಗಾಗಿ ಲ್ಯಾಬ್‌ನಲ್ಲಿ ಪಾಠ ನಡೆಯುತ್ತಿರುವಾಗಲೇ ತಯಾರಿ ಮುಗಿಸಿ, ಸಂಜೆ ಒಟ್ಟಿಗೆ ರೀಸ್ಟಾರ್ಟ್ ಕೊಡಬಹುದು. ಆಮೇಲೆ ಅದು ತಾನಾಗಿಯೇ ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತದೆ, ಕರೆಂಟು ಹೋಗದಂತೆ ಯುಪಿಎಸ್ ಬೇಕು. ಡೈನಾಮಿಕ್‌ಅಪ್‌ಡೇಟ್ ಡಿಸೇಬಲ್ ಇಡುವುದರಿಂದ ಪ್ರತಿ ಯಂತ್ರವೂ ಇಂಟರ್‌ನೆಟ್‌ಗೆ ಮುಗಿಬೀಳುವುದು ತಪ್ಪುತ್ತದೆ. ಐಎಸ್‌ಒ ಒಳಗಿನ ಕಡತಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳುವವರು ಅದನ್ನು ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿರಬೇಕು. ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ಕಡತ ಹಿಡಿಸದು, ಇನ್‌ಸ್ಟಾಲ್.ವಿಮ್ ಅದನ್ನು ಮೀರಿರುತ್ತದೆ.

ನಿಜವಾಗಿಯೂ ಹಳೆಯ ಪ್ರೊಸೆಸರ್ ಇದ್ದರೆ ‘/ಪ್ರಾಡಕ್ಟ್ ಸರ್ವರ್’ ಎಂದು ಬರೆದು ತಪಾಸಣೆಯನ್ನೇ ಹಾರಿಸುವ ಉಪಾಯ ವಿಡಿಯೊಗಳಲ್ಲಿ ಓಡಾಡುತ್ತಿದೆ. ಸಂಸ್ಥೆಯ ಯಂತ್ರಕ್ಕೆ ಅದು ತರವಲ್ಲ. ಹೀಗೆ ಹಾಕಿದ್ದಕ್ಕೆ ಅಪ್‌ಡೇಟ್ ಸಿಗುವ ಖಾತರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ತೀರಾ ಹಳೆಯ, ಎಸ್‌ಎಸ್‌ಇ 4.2 (ಪ್ರೊಸೆಸರಿನ ಒಂದು ಸೂಚನಾ ಗುಂಪು) ಇಲ್ಲದ ಚಿಪ್‌ನಲ್ಲಿ ವಿಂಡೋಸ್ 11ರ 24ಎಚ್2 ಆವೃತ್ತಿ ಬೂಟ್ ಆಗುವುದೇ ಇಲ್ಲ. ಅಂಥ ಯಂತ್ರಗಳಿಗೆ ಲಿನಕ್ಸ್ ಹಾಕುವುದೇ ಲೇಸು.

ಅಪ್‌ಗ್ರೇಡ್ ಆದ ಮೇಲೆ ಪ್ರಿಂಟರೋ ಟ್ಯಾಲಿಯೋ ಕೈಕೊಟ್ಟರೆ ಹಿಂದಿನ ವಿಂಡೋಸ್‌ಗೆ ಮರಳಲು 10 ದಿನ ಅವಕಾಶವಿದೆ. ಆ 10 ದಿನದೊಳಗೆ ‘ಡಿಸ್ಮ್ /ಆನ್‌ಲೈನ್ /ಸೆಟ್-ಒಎಸ್‌ಅನ್‌ಇನ್‌ಸ್ಟಾಲ್‌ವಿಂಡೋ /ವ್ಯಾಲ್ಯೂ:60’ ಓಡಿಸಿದರೆ ಅವಧಿ 60 ದಿನವಾಗುತ್ತದೆ. ಪರೀಕ್ಷೆ, ಆಡಿಟ್ ಹತ್ತಿರವಿರುವ ಕಚೇರಿಗಳು ಇದನ್ನು ಮೊದಲ ದಿನವೇ ಮಾಡಿಬಿಡಬೇಕು. ಡಿಸ್ಕ್ ಕ್ಲೀನಪ್‌ನಲ್ಲಿ ‘ವಿಂಡೋಸ್.ಓಲ್ಡ್’ ಅಳಿಸಿದರೆ ಮಾತ್ರ ಆ ಅವಕಾಶವೂ ಹೋಯಿತು.

ಶಿಕ್ಷಣ ಇಲಾಖೆ ಮತ್ತು ಸಹಕಾರ ಇಲಾಖೆಯವರಲ್ಲಿ ಒಂದು ಕೋರಿಕೆ. ವಾರ್ಷಿಕ ನಿರ್ವಹಣಾ ಗುತ್ತಿಗೆಯ ಬಿಲ್ಲಿಗೆ ಪ್ರತಿ ಯಂತ್ರದ ಸೀರಿಯಲ್ ನಂಬರಿನ ಎದುರು ಈ ತಪಾಸಣೆಯ ಫಲಿತಾಂಶ ಸಂಖ್ಯೆಯನ್ನು ಲಗತ್ತಿಸಬೇಕೆಂದು ಷರತ್ತು ಹಾಕಲಿ. 912 ಇಲ್ಲದ ಯಂತ್ರವನ್ನು ವಿಲೇವಾರಿ ಪಟ್ಟಿಗೆ ಸೇರಿಸುವವರು ಕಾರಣವನ್ನು ಬರವಣಿಗೆಯಲ್ಲಿ ಕೊಡಲಿ.

– ಕಂಪ್ಯೂಟರ್ ಲ್ಯಾಬ್ ನಿರ್ವಾಹಕರು, ಹಾಸನ