ಲೋಮು ಬೇಗ ಆಟ ಬಿಟ್ಟರಂತೆ!

ಸಂಪಾದಕರೇ,

ರಗ್ಬಿ ಆಟಗಾರ ಜೋನಾ ಲೋಮು ತೀರಿಕೊಂಡು ಹತ್ತು ವರ್ಷವಾದ ಬಗ್ಗೆ ಮೊನ್ನೆ ಮಂಗಳವಾರ ನೀವು ಹಾಕಿದ್ದ ಬರಹವನ್ನು ಎರಡು ಸಲ ಓದಿದೆ. ಓದಲು ಟೈಮ್ ಬೇಕಾದಷ್ಟಿತ್ತು. ಬೆಳಿಗ್ಗೆ ಆರೂವರೆಗೆ ನಮ್ಮ ತಾಲ್ಲೂಕು ಆಸ್ಪತ್ರೆಯ ಡಯಾಲಿಸಿಸ್ ಘಟಕದ ಮುಂದೆ ಕೂತವನು ಹನ್ನೊಂದರವರೆಗೂ ಅಲ್ಲೇ ಕೂತಿದ್ದೆ. ಬಾಗಿಲಿಗೆ ಬೀಗ. ಸಂಬಳ ಬರಲಿಲ್ಲ ಅಂತ ಸಿಬ್ಬಂದಿ ಕೆಲಸ ನಿಲ್ಲಿಸಿದ್ದರು, ನಿಮ್ಮ ಬುಧವಾರದ ಸಂಚಿಕೆಯಲ್ಲೇ ಬಂದಿದೆ. ಆದರೆ ಅದರಲ್ಲಿ ‘ರೋಗಿಗಳಿಗೆ ಕೆಲಕಾಲ ತೊಂದರೆ’ ಅಂತ ಬರೆದಿದ್ದೀರಿ. ಕೆಲಕಾಲ!

ಆ ಕೆಲಕಾಲದ ಲೆಕ್ಕ ಕೇಳಿ. ನನ್ನ ಪಾಳಿ ಮಂಗಳವಾರ, ಗುರುವಾರ, ಶನಿವಾರ. ಶನಿವಾರ ಆದಮೇಲೆ ಮಂಗಳವಾರದವರೆಗೆ ತಳ್ಳುವುದೇ ನಮಗೆ ಕಷ್ಟ. ಮೈಯಲ್ಲಿ ನೀರು ತುಂಬಿ ಚಪ್ಪಲಿ ಕಾಲಿಗೆ ಹತ್ತುವುದಿಲ್ಲ. ಮಲಗಿದರೆ ಉಸಿರು ಕಟ್ಟುತ್ತದೆ. ದಿನಕ್ಕೆ ಇಷ್ಟೇ ನೀರು ಅಂತ ನನ್ನ ಹೆಂಡತಿ ಬಾಟಲಿಗೆ ಪೆನ್ನಿನಲ್ಲಿ ಗೀಟು ಹಾಕಿಟ್ಟಿದ್ದಾಳೆ. ಅಷ್ಟಾದರೂ ಮೂರೂವರೆ ಕೆಜಿ ಏರಿತ್ತು. ಕೊನೆಗೆ ಬಾಡಿಗೆ ಕಾರು ಮಾಡಿಕೊಂಡು ಜಿಲ್ಲಾ ಕೇಂದ್ರಕ್ಕೆ ಹೋಗಿ, ಅಲ್ಲೂ ಕಾದು, ರಾತ್ರಿ ಎಂಟಕ್ಕೆ ಸೂಜಿ ಹಾಕಿಸಿಕೊಂಡೆ. ಕಾರಿಗೆ 2,200, ಡಯಾಲಿಸಿಸ್‌ಗೆ 1,900. ದಾರಿಯಲ್ಲಿ ಹಂಪ್‌ಗಳೆಷ್ಟು ಅಂತ ಎಣಿಸಲು ಹೋಗಿ ನಲವತ್ತಕ್ಕೆ ಬಿಟ್ಟೆ. ಹಾಕಿದ ಮಹಾನುಭಾವರು ಒಂದಕ್ಕಾದರೂ ಬಿಳಿ ಪಟ್ಟೆ ಬಳಿಸಿಲ್ಲ.

ಈಗ ಲೋಮು ವಿಷಯ. ಕಿಡ್ನಿ ಕಾಯಿಲೆಯಿಂದ ಅವರು ‘ಬೇಗ ಆಟ ಬಿಟ್ಟರು’ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಬರೆದವರು ಯಾರೋ, ಸ್ವಲ್ಪ ವಿಚಾರಿಸಿ ಬರೆಯಬಾರದೇ? ಆ ಮನುಷ್ಯ 1994ರಲ್ಲಿ 19ನೇ ವಯಸ್ಸಿಗೇ ನ್ಯೂಜಿಲೆಂಡ್ ತಂಡ ಸೇರಿದವರು. 1995ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ಎದುರು ಒಬ್ಬರೇ ನಾಲ್ಕು ಟ್ರೈ (ಎದುರಾಳಿಯ ಗಡಿ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿ ಅಂಕ ಗಳಿಸುವುದು) ಮಾಡಿದರು. ಅಡ್ಡ ಬಂದ ಮೈಕ್ ಕ್ಯಾಟ್‌ರನ್ನು ತಪ್ಪಿಸಿಕೊಂಡು ಹೋಗಲಿಲ್ಲ, ಅವರ ಮೇಲೇ ತುಳಿದುಕೊಂಡು ಹೋದರು. ಅದೇ ವರ್ಷ ಆಗಸ್ಟ್‌ನಲ್ಲಿ ರಗ್ಬಿ ಸಂಸ್ಥೆ ಆಟಗಾರರಿಗೆ ದುಡ್ಡು ಕೊಡಬಹುದು ಅಂತ ತೀರ್ಮಾನಿಸಿತು. ವರ್ಷದ ಕೊನೆಗೆ ಲೋಮುಗೆ ನೆಫ್ರೋಟಿಕ್ ಸಿಂಡ್ರೋಮ್ ಎಂಬ ಕಿಡ್ನಿ ಕಾಯಿಲೆ ಇದೆ ಅಂತ ಗೊತ್ತಾಯಿತು. ಅಂದರೆ ಹೊಟ್ಟೆಪಾಡಿಗೆ ಆಡಿದ ಆಟ ಹೆಚ್ಚುಕಮ್ಮಿ ಪೂರ್ತಿ ಕೆಟ್ಟ ಕಿಡ್ನಿ ಇಟ್ಟುಕೊಂಡೇ ಆಡಿದ್ದು. 1998ರಲ್ಲಿ ಕ್ವಾಲಾಲಂಪುರದ ಕಾಮನ್‌ವೆಲ್ತ್ ಚಿನ್ನ, 1999ರ ವಿಶ್ವಕಪ್‌ನಲ್ಲಿ ಎಂಟು ಟ್ರೈ, 2002ರವರೆಗೆ ದೇಶದ ಪರ 63 ಟೆಸ್ಟ್ ಪಂದ್ಯ, 37 ಟ್ರೈ. 2003ರಲ್ಲಿ ವಾರಕ್ಕೆ ಮೂರು ಸಲ ಡಯಾಲಿಸಿಸ್‌. ಕಾಲಿನ ನರ ಸತ್ತು ನಡೆಯುವುದೇ ಕಷ್ಟವಾಗಿತ್ತು. ನನಗೂ ಈಗ ಪಾದ ಜುಮ್ಮೆನ್ನುತ್ತದೆ, ಅದು ಏನು ಅಂತ ಗೊತ್ತು. 2004ರಲ್ಲಿ ಗ್ರಾಂಟ್ ಕೆರಿಯಾಮ ಎಂಬ ರೇಡಿಯೊ ನಿರೂಪಕ ಒಂದು ಕಿಡ್ನಿ ಕೊಟ್ಟರು. ಆಮೇಲೆ ಮನೆಯಲ್ಲಿ ಕೂತರೇ? 2005ರಲ್ಲಿ ವೇಲ್ಸ್‌ನ ಕಾರ್ಡಿಫ್ ತಂಡಕ್ಕೆ ಹೋಗಿ ಮತ್ತೆ ಆಡಿದರು! ಇದು ನಿಮ್ಮವರ ಪ್ರಕಾರ ಬೇಗ ಬಿಟ್ಟದ್ದು. 2011ರಲ್ಲಿ ಆ ಕಿಡ್ನಿಯೂ ಕೈಕೊಟ್ಟಿತು, ಮತ್ತೆ ಮೆಷಿನ್. 40ಕ್ಕೇ ಹೋಗಿಬಿಟ್ಟರು.

ಪಿ.ಟಿ. ಮೇಷ್ಟ್ರಾಗಿ ಮೂವತ್ತೊಂದು ವರ್ಷ ಕಬಡ್ಡಿ, ಖೋಖೋ ಆಡಿಸಿದ ನನಗೆ ಲೋಮು ಯಾರೆಂದೇ ಗೊತ್ತಿರಲಿಲ್ಲ. ತೋರಿಸಿದ್ದು ನಮ್ಮ ಘಟಕದ ಟೆಕ್ನಿಷಿಯನ್ ಹುಡುಗ. ಎಡಗೈಗೆ ಎರಡು ಸೂಜಿ ಹಾಕಿ ಟೇಪ್ ಅಂಟಿಸಿ, ಬಲಗೈಗೆ ಬಿ.ಪಿ. ಪಟ್ಟಿ ಸುತ್ತಿ, ‘ಸಾರ್, ಇವರೂ ನಿಮ್ಮ ಹಾಗೇ ಮೆಷಿನ್ ಮೇಲಿದ್ದವರು, ನೋಡಿ’ ಅಂತ ತನ್ನ ಮೊಬೈಲನ್ನು ನನ್ನ ಹೊಟ್ಟೆ ಮೇಲಿನ ದಿಂಬಿಗೆ ಒರಗಿಸಿಟ್ಟ. ನಾಲ್ಕು ಗಂಟೆಯಲ್ಲಿ ಆ ಓಟವನ್ನು ಹತ್ತು ಸಲವಾದರೂ ನೋಡಿದೆ. ಪಕ್ಕದ ಬೆಡ್‌ನ ಗೌಡರು ‘ಇದೇನ್ ಮೇಷ್ಟ್ರೇ, ಗೂಳಿ ಬಿಟ್ಟಂಗಿದೆ’ ಅಂದರು. ಆ ಹುಡುಗನಿಗೆ ಮೂರು ತಿಂಗಳಿಂದ ಸಂಬಳವಾಗಿಲ್ಲ. ಅವನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ಬೈಯಬೇಕಾದವರು ಬೇರೆ ಇದ್ದಾರೆ. ಘಟಕದ ಉದ್ಘಾಟನೆಗೆ ರಿಬ್ಬನ್ ಹಿಡಿದು ನಿಂತವರ ಫೋಟೊ ನೀವೇ ಹಾಕಿದ್ದಿರಿ. ಗೋಡೆಗೆ ಹಚ್ಚಿದ ಕಲ್ಲಿನಲ್ಲಿ ಹನ್ನೊಂದು ಹೆಸರಿವೆ, ಮೆಷಿನ್ ಇರುವುದು ನಾಲ್ಕು. ಒಬ್ಬರಿಗೆ ಒಂದು ಸಲಕ್ಕೆ ಸುಮಾರು 120 ಲೀಟರ್ ಶುದ್ಧ ನೀರು ಬೇಕು. ಹೋದ ಬೇಸಿಗೆಯಲ್ಲಿ ನೀರಿನ ಮೋಟರ್ ಸುಟ್ಟಾಗ ರಿಪೇರಿಗೆ ಒಂಬತ್ತು ದಿನ ಹಿಡಿಯಿತು. ಇವರ ಕೆಲಸವೇ ಹೀಗೆ. ನಾನು ನೌಕರಿಯಲ್ಲಿದ್ದಾಗ ಶಾಲೆಯ ಮೈದಾನ ಸಮ ಮಾಡಿಸಿಕೊಡಿ ಅಂತ ಐದು ಅರ್ಜಿ ಬರೆದೆ. ಒಂದಕ್ಕೂ ಉತ್ತರವಿಲ್ಲ. ಮಂತ್ರಿಗಳ ಹೆಲಿಕಾಪ್ಟರ್ ಇಳಿಯಬೇಕು ಅಂದಾಗ ಮಾತ್ರ ಒಂದೇ ರಾತ್ರಿಯಲ್ಲಿ ರೋಲರ್ ಬಂತು, ಸುಣ್ಣದ ವೃತ್ತ ಬಂತು. ಅವರು ಇಳಿದು ಹೋದರು. ನಮ್ಮ ಕಬಡ್ಡಿ ಅಂಕಣ ಜಲ್ಲಿಯ ಕೆಳಗೆ ಹೋಯಿತು, ಇವತ್ತಿಗೂ ಅಲ್ಲೇ ಇದೆ.

ಲೋಮು ಬಗ್ಗೆ ತಿದ್ದುಪಡಿ ಹಾಕಿ, ಅದೂ ಮೂಲೆಯಲ್ಲಲ್ಲ. ಅಥವಾ ಅದು ಆಮೇಲಾಗಲಿ, ಮೊದಲು ಆ ಹುಡುಗನ ಸಂಬಳದ ಬಗ್ಗೆ ಬರೆಯಿರಿ. ಸಂಬಂಧಪಟ್ಟವರು ಎಚ್ಚೆತ್ತುಕೊಳ್ಳಲಿ ಅಂತ ನಾನು ಬರೆಯುವುದಿಲ್ಲ, ನಿದ್ದೆ ಮಾಡುವವರಾದರೆ ಎಚ್ಚರವಾಗುತ್ತಿತ್ತು. ಅವರೆಲ್ಲ ಒಂದು ಶನಿವಾರದಿಂದ ಮಂಗಳವಾರದವರೆಗೆ ಉಚ್ಚೆ ಹೊಯ್ಯದೆ ಇದ್ದು ನೋಡಲಿ. ಆಮೇಲೆ ಕೆಲಕಾಲ ಅಂದರೆ ಎಷ್ಟು ಅಂತ ಅವರ ಬಾಯಲ್ಲೇ ಕೇಳಿ ಹಾಕಿ.

– ಒಬ್ಬ ನಿವೃತ್ತ ದೈಹಿಕ ಶಿಕ್ಷಕ, ಬೆಡ್ ನಂಬರ್ 3