ಚಿನ್ನದಕ್ಷರದಲ್ಲಿ ನಾಯಿಯ ಹೆಸರು

ಪ್ರಿಯ ಮಿತ್ರರೇ,

ಬೇಟೆನಾಯಿಗಳ ಚಿತ್ರಗಳ ಬಗೆಗಿನ ನಿಮ್ಮ ಹಸ್ತಪ್ರತಿಯನ್ನು ಪೂರ್ತಿ ಓದಿದೆ. ಕಾಗುಣಿತ, ಅಧ್ಯಾಯಗಳ ಜೋಡಣೆ ಮುಂತಾದವನ್ನು ನೀವೇ ಸರಿಪಡಿಸಿಕೊಳ್ಳಬಲ್ಲಿರಿ, ಆ ಮಾತು ಬಿಡೋಣ. ‘ಇದನ್ನೆಲ್ಲ ಯಾರು ಓದುತ್ತಾರೆ, ಹರಿದುಹಾಕಲೇ’ ಎಂದು ಕೇಳಿದ್ದೀರಿ. ದಯವಿಟ್ಟು ಹರಿಯಬೇಡಿ. ಫ್ರೆಂಚ್ ಚಿತ್ರಕಾರ ದೆಪೋರ್ಟ್ 1702ರಲ್ಲಿ ಬರೆದ ‘ಬೊನ್, ನೊನ್, ಪೊನ್’ ಚಿತ್ರದಲ್ಲಿ ಕವುಜುಗಗಳ ಸುಳಿವು ಸಿಕ್ಕಿ ಮೈ ಬಿಗಿಹಿಡಿದು ನಿಂತ ಆ ಮೂರು ಹೆಣ್ಣುನಾಯಿಗಳನ್ನು ನೀವು ವರ್ಣಿಸಿರುವ ಪುಟ ನನಗೆ ಬಹಳ ಹಿಡಿಸಿತು. ಬೇಟೆಯ ಹಿಂದೆಯೇ ಹೋಗಿ ಪುಟ್ಟ ಪುಸ್ತಕದಲ್ಲಿ ನಾಯಿಗಳ ನಿಲುವನ್ನು ಸ್ಥಳದಲ್ಲೇ ಗುರುತುಹಾಕಿಕೊಳ್ಳುತ್ತಿದ್ದ ಆ ಕಲಾವಿದನ ಕಣ್ಣಿಗೆ ನಿಮ್ಮ ಗದ್ಯ ತಕ್ಕದ್ದಾಗಿದೆ. ಆದರೆ ಮುಂದಿನ ಪುಟಗಳೆಲ್ಲ ತೈಲವರ್ಣದಲ್ಲಿ ರೋಮ ಹೇಗೆ ಮಿನುಗುತ್ತದೆ ಎಂಬ ಹೊಗಳಿಕೆಯಲ್ಲೇ ಕಳೆದುಹೋದಾಗ ನನ್ನ ತಾಳ್ಮೆ ತಪ್ಪಿತು.

ಆ ಚಿತ್ರ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಯ ಮಾರ್ಲಿ ಅರಮನೆಗಾಗಿ ಬರೆದದ್ದು. ನಾಯಿಗಳ ಹೆಸರುಗಳು ಕ್ಯಾನ್ವಾಸಿನ ಮೇಲೆಯೇ ಚಿನ್ನದಕ್ಷರದಲ್ಲಿವೆ. ಅದನ್ನು ನೀವು ‘ರಾಜನ ಪ್ರಾಣಿಪ್ರೀತಿ’ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದೀರಿ. ಪ್ರೀತಿ ಇದ್ದೀತು, ಆದರೆ ಅದೇ ಫ್ರಾನ್ಸಿನಲ್ಲಿ, 1789ರ ಆಗಸ್ಟಿನಲ್ಲಿ ರಾಷ್ಟ್ರೀಯ ಸಭೆಯು ಪ್ರಭುಗಳ ಬೇಟೆಯ ಹಕ್ಕನ್ನು ರದ್ದುಮಾಡುವವರೆಗೂ, ತನ್ನ ಪೈರನ್ನು ಮೇಯುವ ಜಿಂಕೆಯನ್ನು ರೈತನು ಕೊಲ್ಲುವಂತಿರಲಿಲ್ಲ. ಇಂಗ್ಲೆಂಡಿನ 1671ರ ಕಾಯಿದೆಯಂತೂ ಇನ್ನೂ ನೇರವಾಗಿತ್ತು: ವರ್ಷಕ್ಕೆ 100 ಪೌಂಡ್ ಹುಟ್ಟುವಳಿಯ ಸ್ವಂತ ಜಮೀನೋ ಅಂಥದೇ ಬೇರೆ ಅರ್ಹತೆಯೋ ಇಲ್ಲದವನು ಗ್ರೇಹೌಂಡ್ ಎಂಬ ಬೇಟೆನಾಯಿಯನ್ನು ಸಾಕಿದರೆ, ಪ್ರಭುವಿನ ಬೇಟೆಪಾಲಕನು, ಅಂದರೆ ಬೇಟೆಯ ಪ್ರಾಣಿಗಳನ್ನು ಕಾಯುವ ನೌಕರನು, ಅದನ್ನು ಕಿತ್ತುಕೊಂಡು ಹೋಗಬಹುದಾಗಿತ್ತು. ದಿವಾನಖಾನೆಯ ಗೋಡೆಯ ಮೇಲಿನ ನಾಯಿ ಜಮೀನಿನ ಹಕ್ಕುಪತ್ರದಷ್ಟೇ ಗಟ್ಟಿಯಾದ ಸಾಕ್ಷಿ. ಇದನ್ನು ಬಿಟ್ಟು ರೋಮದ ಹೊಳಪನ್ನಷ್ಟೇ ಬರೆಯುವುದು ಪ್ರಾಮಾಣಿಕ ಬರವಣಿಗೆಯಲ್ಲ.

ಬಹಳ ಹಿಂದೆ ನನ್ನ ಲೇಖನವೊಂದರಿಂದ ಈ ಕಾಯಿದೆಯ ಭಾಗವನ್ನೇ ಸಂಪಾದಕರೊಬ್ಬರು ‘ಕಲೆಯ ಓದುಗರಿಗೆ ಇದು ಬೇಡ’ ಎಂದು ತೆಗೆದುಹಾಕಿದರು. ಉಳಿದದ್ದನ್ನು ಎಲ್ಲರೂ ಮೆಚ್ಚಿಕೊಂಡರು. ಆ ಮೆಚ್ಚುಗೆ ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ನಿಮ್ಮ ಪುಸ್ತಕಕ್ಕೆ ಅಂಥ ಮೆಚ್ಚುಗೆ ಬಾರದಿರಲಿ.

ಇಂಗ್ಲಿಷ್ ಚಿತ್ರಕಾರ ಜಾರ್ಜ್ ಸ್ಟಬ್ಸ್ 1800ರಲ್ಲಿ ಬರೆದ ಚಿತ್ರಕ್ಕೆ ನೀವು ಕೊಟ್ಟಿರುವುದು ಅರ್ಧ ವಾಕ್ಯ ಮಾತ್ರ. ಅದರಲ್ಲಿ ಸಾಯುತ್ತಿರುವ ಹೆಣ್ಣುಜಿಂಕೆಯಿದೆ, ನಾಯಿಯಿದೆ, ಕ್ಲಾರೆಂಡನ್ ಪ್ರಭುವಿನ ಬೇಟೆಪಾಲಕ ಫ್ರೀಮನ್ ಇದ್ದಾನೆ. ಪ್ರಭು ಮಾತ್ರ ಇಲ್ಲ. ಫ್ರೀಮನ್ ನೇರವಾಗಿ ನಮ್ಮತ್ತ ನೋಡುತ್ತಾನೆ. ಬಡವರ ನಾಯಿಗಳನ್ನು ಕಸಿಯುವ ಅಧಿಕಾರವನ್ನು ಕಾನೂನು ಕೊಟ್ಟಿದ್ದದ್ದು ಇಂಥ ನೌಕರನ ಕೈಗೇ. ಆದರೂ ಅವನು ಕಾಯುತ್ತಿದ್ದ ಜಿಂಕೆ ಅವನದಾಗಿರಲಿಲ್ಲ. ಆ ಮುಖವನ್ನು ನೋಡಿದವರು ನಾಯಿಯ ರೋಮಕ್ಕೆ ಅಷ್ಟು ಬೇಗ ಹೇಗೆ ಮರಳಿದಿರಿ? ಫ್ರೀಮನ್ನನ ಅಧ್ಯಾಯವನ್ನು ಮೊದಲು ಬರೆದು ಕಳುಹಿಸಿ. ಉಳಿದ ಅಧ್ಯಾಯಗಳನ್ನು ಆಮೇಲೆ ನೋಡೋಣ.

ನಿಮ್ಮ ಹಿತೈಷಿ